ಡಾಟ್ ಪ್ರಾಂಪ್ಟ್‌ನಿಂದ ಒಂದೇ ಇಎಕ್ಸ್‌ಇಗೆ: ಒಂದು ಮಳೆ ಲೆಕ್ಕದ ಪ್ರಕರಣ

ಕೆಲಸ ಕೈಗೆ ಬಂದಾಗ ಸಣ್ಣದು ಅನ್ನಿಸಿತ್ತು. 12 ಮಳೆಮಾಪಕ ಕೇಂದ್ರಗಳ ದಿನದ ಮಳೆ ಲೆಕ್ಕ. 1988ರ ಜೂನ್‌ನಿಂದ 2022ರ ಕೊನೆಯವರೆಗೆ, ಹತ್ತಿರ ಹತ್ತಿರ ಒಂದೂವರೆ ಲಕ್ಷ ದಾಖಲೆಗಳು. ಎಲ್ಲವೂ ಡಿಬೇಸ್ ತ್ರೀ ಪ್ಲಸ್ ಎಂಬ ಹಳೆಯ ಡೇಟಾಬೇಸ್ ತಂತ್ರಾಂಶದ ಕಾಲದ ಡಿಬಿಎಫ್ ಫೈಲುಗಳಲ್ಲಿ, ಅಂದರೆ ದಾಖಲೆಗಳನ್ನು ಕೋಷ್ಟಕವಾಗಿ ಇಡುವ ಫೈಲುಗಳಲ್ಲಿ. ಅವನ್ನು ನಡೆಸಲು 31 ಪಿಆರ್‌ಜಿ ಫೈಲುಗಳು, ಅಂದರೆ ಡಿಬೇಸ್ ಭಾಷೆಯಲ್ಲಿ ಬರೆದ ಪ್ರೋಗ್ರಾಮುಗಳು. ಬರೆದವರು ಯಾವ ಕಂಪನಿಯವರೂ ಅಲ್ಲ, ಆ ಲೆಕ್ಕವನ್ನು ಮೊದಲ ದಿನದಿಂದ ಇಟ್ಟುಕೊಂಡು ಬಂದ ಹಿರಿಯರೊಬ್ಬರು. ಕೈಪಿಡಿ ಪಕ್ಕದಲ್ಲಿಟ್ಟುಕೊಂಡು ಸ್ವಂತವಾಗಿ ಕಲಿತು ಬರೆದದ್ದು.

ಈಗಿನ ಕಂಪ್ಯೂಟರಿನಲ್ಲಿ ಅದನ್ನು ಓಡಿಸುವ ಬಗೆ ನೋಡಿದರೆ ನಗು ಬರುತ್ತಿತ್ತು. ಮೊದಲು ಹಳೆಯ ಡಾಸ್ ಕಂಪ್ಯೂಟರನ್ನು ಅನುಕರಿಸುವ ಡಾಸ್ ಎಮ್ಯುಲೇಟರ್ ತೆರೆಯಬೇಕು. ಅದರೊಳಗೆ ಡಿಬೇಸ್. ಡಾಟ್ ಪ್ರಾಂಪ್ಟ್, ಅಂದರೆ ಕಮಾಂಡಿಗಾಗಿ ಕಾಯುವ ಒಂದು ಚುಕ್ಕಿ, ಬಂದ ಮೇಲೆ ಮುಖ್ಯ ಪ್ರೋಗ್ರಾಂ ಹೆಸರು ಟೈಪ್ ಮಾಡಬೇಕು. ಗ್ರಾಫ್ ಅಂತ ಒಂದಿತ್ತು. ಪ್ರತಿ ತಿಂಗಳ ಮುಂದೆ ಮಳೆಗೆ ತಕ್ಕಷ್ಟು ನಕ್ಷತ್ರ ಚಿಹ್ನೆಗಳ ಸಾಲು. 80 ಅಕ್ಷರ ಅಗಲದ ಸ್ಕ್ರೀನಿನಲ್ಲಿ ಅದಕ್ಕಿಂತ ಜಾಸ್ತಿ ಏನು ಮಾಡಲು ಸಾಧ್ಯ ಅಲ್ವಾ?

ಆ ಹಿರಿಯರು ಕೇಳಿದ್ದು ಮೂರು. ಡಬಲ್ ಕ್ಲಿಕ್ ಮಾಡಿದರೆ ತೆರೆಯಬೇಕು. ನಿಜವಾದ ಗ್ರಾಫ್ ಬರಬೇಕು, ಕಾಗದದ ಮೇಲೂ. ಮೂರನೆಯದನ್ನು ಹೇಳುವಾಗ ಮಾತ್ರ ಸ್ವಲ್ಪ ಗಂಭೀರವಾದರು. "ಇಲ್ಲಿ ಏನನ್ನೂ ಇನ್‌ಸ್ಟಾಲ್ ಮಾಡೋಕೆ ಬಿಡಲ್ಲ ರೀ. ಒಂದು ಫೈಲ್ ಕೊಡಿ, ಕಾಪಿ ಮಾಡ್ಕೋತೀನಿ. ನಾನು ಹೋದ ಮೇಲೂ ಯಾರಾದ್ರೂ ತೆರೆಯೋ ಹಂಗಿರ್ಬೇಕು."

ಎಲ್ಲವನ್ನೂ ಹೊಸದಾಗಿ ಬೇರೆ ಭಾಷೆಯಲ್ಲಿ ಬರೆದುಬಿಡಿ ಎಂದು ಗೆಳೆಯರಿಬ್ಬರು ಹೇಳಿದರು. ನನಗೆ ಮನಸ್ಸಾಗಲಿಲ್ಲ. ಮೂವತ್ತು ವರ್ಷ ದಿನಾ ಓಡಿದ ಕೋಡಿನಲ್ಲಿ ನಮಗೆ ಗೊತ್ತಿಲ್ಲದ ಎಷ್ಟೋ ವಿಷಯ ಅಡಗಿರುತ್ತದೆ. ಬಕೆಟ್ ತುಂಬಿ ಹರಿದ ದಿನ ಏನು ಬರೆಯಬೇಕು, ರಜೆಯ ದಿನದ ಮಳೆಯನ್ನು ಮರುದಿನ ಅಳೆದರೆ ಹೇಗೆ ಹಂಚಬೇಕು, ಇಂಥವು. ಹೊಸದಾಗಿ ಬರೆದರೆ ಅದೆಲ್ಲ ಒಂದೊಂದಾಗಿ ಬಿಟ್ಟುಹೋಗುತ್ತದೆ. ಇದ್ದದ್ದನ್ನೇ ಕಂಪೈಲ್ ಮಾಡೋಣ, ಅಂದರೆ ತಾನೇ ತಾನಾಗಿ ಓಡುವ ಇಎಕ್ಸ್‌ಇ ಫೈಲಾಗಿ ಬದಲಿಸೋಣ ಎಂದುಕೊಂಡೆ.

ಯಾವ ಕಂಪೈಲರ್?

ಡಿಬೇಸ್ ಪ್ರೋಗ್ರಾಂ ಅನ್ನು ಇಎಕ್ಸ್‌ಇ ಮಾಡುವ ಆಸೆ ಹೊಸದೇನಲ್ಲ. ನಾಂಟಕೆಟ್ ಎಂಬ ಕಂಪನಿ 1985ರಲ್ಲೇ ಕ್ಲಿಪ್ಪರ್ ಹೊರತಂದಿತ್ತು. ಪಿಆರ್‌ಜಿ ಕೊಟ್ಟರೆ ಆಬ್ಜೆಕ್ಟ್ ಫೈಲ್, ಅದನ್ನು ಬೇಕಾದ ಫಂಕ್ಷನ್ನುಗಳ ಜೊತೆ ಜೋಡಿಸಿದರೆ, ಅಂದರೆ ಲಿಂಕ್ ಮಾಡಿದರೆ ಇಎಕ್ಸ್‌ಇ. ನೋಡುವ ಕಂಪ್ಯೂಟರಿನಲ್ಲಿ ಡಿಬೇಸ್ ಇರಬೇಕಾಗಿಯೇ ಇರಲಿಲ್ಲ. ಸಮ್ಮರ್ 87 ಆವೃತ್ತಿ ಬಳಸಿದವರು ಇವತ್ತಿಗೂ ಅದರ ಹೆಸರನ್ನು ಪ್ರೀತಿಯಿಂದ ಹೇಳುತ್ತಾರೆ. ಆದರೆ ಅದು ಡಾಸ್ ಜಗತ್ತು. 640 ಕೆಬಿ ಮೆಮರಿಯಲ್ಲಿ ಪ್ರೋಗ್ರಾಂ ಹಿಡಿಸಲು ಓವರ್‌ಲೇ ಮಾಡುತ್ತಾ (ಪ್ರೋಗ್ರಾಂ ತುಂಡು ಮಾಡಿ ಬೇಕಾದಾಗ ಮಾತ್ರ ಒಳಗೆ ತರುತ್ತಾ), ಲಿಂಕರ್ ಜೊತೆ ಗುದ್ದಾಡುತ್ತಾ ರಾತ್ರಿ ಕಳೆಯುತ್ತಿದ್ದ ಕಾಲ. ಗ್ರಾಫ್ ಬೇಕೆಂದರೆ ಬೇರೆಯವರ ಗ್ರಾಫಿಕ್ಸ್ ಲೈಬ್ರರಿ ಕೊಂಡು ಲಿಂಕ್ ಮಾಡಬೇಕು. ಅದು ಸ್ಕ್ರೀನನ್ನು ಟೆಕ್ಸ್ಟ್ ಮೋಡ್‌ನಿಂದ ಗ್ರಾಫಿಕ್ಸ್ ಮೋಡ್‌ಗೆ ತಿರುಗಿಸಿ ಚಿತ್ರ ಬರೆದು ಮತ್ತೆ ಹಿಂದಕ್ಕೆ ತರುತ್ತಿತ್ತು. ಹರ್ಕ್ಯುಲಿಸ್ ಕಾರ್ಡಿಗೆ 720 ಗುಣಿಸು 348 ಚುಕ್ಕಿ, ವಿಜಿಎಗೆ 640 ಗುಣಿಸು 480 ಮತ್ತು 16 ಬಣ್ಣ. ಪ್ರತಿಯೊಂದು ಕಾರ್ಡಿಗೂ ಬೇರೆ ಲೆಕ್ಕ.

ವಿಷುಯಲ್ ಫಾಕ್ಸ್‌ಪ್ರೊ ದಾರಿಯೂ ಇತ್ತು. ಆದರೆ ಅದರ ಇಎಕ್ಸ್‌ಇ ಜೊತೆಗೆ ರನ್‌ಟೈಮ್ ಡಿಎಲ್‌ಎಲ್, ಅಂದರೆ ಅದು ಓಡಲು ಬೇಕಾದ ಬೇರೆ ಫೈಲುಗಳು ಕೂಡ ಹೋಗಬೇಕು. ಒಂದೇ ಫೈಲ್ ಎಂಬ ಷರತ್ತು ಅಲ್ಲೇ ಮುರಿಯಿತು.

ಕೊನೆಗೆ ಆರಿಸಿದ್ದು ಹಾರ್ಬರ್. 1999ರಲ್ಲಿ ಶುರುವಾದ, ಕ್ಲಿಪ್ಪರ್ ಭಾಷೆಗೆ ಹೊಂದುವ ಮುಕ್ತ ಕಂಪೈಲರ್. ಇದು ಪಿಆರ್‌ಜಿಯನ್ನು ಸಿ ಫೈಲಾಗಿ ಬದಲಿಸುತ್ತದೆ, ಉಳಿದದ್ದು ಸಿ ಕಂಪೈಲರ್ ಮತ್ತು ಲಿಂಕರ್ ಕೆಲಸ. ಆ ಸಿ ಫೈಲ್ ತೆರೆದು ನೋಡಿದರೆ ಸಂಖ್ಯೆಗಳ ದೊಡ್ಡ ಸಾಲು ಬಿಟ್ಟು ಹೆಚ್ಚೇನೂ ಕಾಣುವುದಿಲ್ಲ. ಅದು ಪಿ-ಕೋಡ್. ಅದನ್ನು ಓದಿ ನಡೆಸುವ ಪುಟ್ಟ ಯಂತ್ರವೂ ಇಎಕ್ಸ್‌ಇ ಒಳಗೇ ಸೇರಿಕೊಳ್ಳುತ್ತದೆ. ಹಳೆಯ ಕ್ಲಿಪ್ಪರ್ ಮಾಡುತ್ತಿದ್ದದ್ದೂ ಹೆಚ್ಚುಕಮ್ಮಿ ಇದನ್ನೇ. ಹಾಗಾಗಿ "ಕಂಪೈಲ್ ಮಾಡಿದರೆ ಬಾಣದ ಹಾಗೆ ಓಡುತ್ತದೆ" ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ನಮಗೆ ಇಲ್ಲಿ ಬೇಕಿದ್ದದ್ದು ವೇಗವಲ್ಲ, ಯಾರ ಹಂಗೂ ಇಲ್ಲದೆ ನಿಲ್ಲುವ ಫೈಲ್.

ಲಿಂಕರ್‌ಗೆ ಕಾಣದ ಹೆಸರುಗಳು

ಮೊದಲ ಕಂಪೈಲ್‌ನಲ್ಲಿ ಬಂದ ತಪ್ಪುಗಳು ಸುಲಭದವು. ಡಾಟ್ ಪ್ರಾಂಪ್ಟ್‌ನಲ್ಲಿ ಕೂತು ಕೆಲಸ ಮಾಡಲೆಂದೇ ಇದ್ದ ಬ್ರೌಸ್, ಎಡಿಟ್ ಥರದ ಕಮಾಂಡುಗಳು ಕ್ಲಿಪ್ಪರ್ ಕುಟುಂಬದಲ್ಲಿ ಇಲ್ಲ. ಬ್ರೌಸ್ ಇದ್ದ ಎರಡು ಕಡೆ ಅದೇ ಥರದ ಕೆಲಸ ಮಾಡುವ ಡಿಬಿಎಡಿಟ್ ಹಾಕಿದೆ. ದಾಖಲೆಗಳನ್ನು ಬೇಗ ಹುಡುಕಲು ಇರುವ ಇಂಡೆಕ್ಸುಗಳು ಡಿಬೇಸ್‌ನ ಎನ್‌ಡಿಎಕ್ಸ್ ರೂಪದಲ್ಲಿದ್ದವು, ಅವನ್ನು ಹಾರ್ಬರ್ ಓದುವುದಿಲ್ಲ, ಅಳಿಸಿ ಕ್ಲಿಪ್ಪರ್‌ನ ಎನ್‌ಟಿಎಕ್ಸ್ ಆಗಿ ಹೊಸದಾಗಿ ಕಟ್ಟಿದೆ. ಕಮಾಂಡುಗಳನ್ನು ನಾಲ್ಕೇ ಅಕ್ಷರಕ್ಕೆ ಮೊಟಕು ಮಾಡಿ ಬರೆಯುವುದು ಆ ಕಾಲದ ಅಭ್ಯಾಸ, ಅದನ್ನು ಹಾರ್ಬರ್ ಒಪ್ಪಿಕೊಂಡಿತು. ಸಂಜೆ ಹೊತ್ತಿಗೆ ಇಎಕ್ಸ್‌ಇ ತಯಾರಾಯಿತು. ಎರಡು ಎಂಬಿ ಹತ್ತಿರ. ತೆರೆಯಿತು, ಮೆನು ಬಂತು. ಖುಷಿಯಾಯಿತು.

ಮೆನುವಿನಲ್ಲಿ 3 ಒತ್ತಿದೆ. ಬೇಸ್ 1001, ಅಂದರೆ ಅಂಥ ಫಂಕ್ಷನ್ನೇ ಇಲ್ಲ ಎಂಬ ದೂರು. ಪ್ರೋಗ್ರಾಂ ಮುಗಿದುಹೋಯಿತು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಥರದ ಕೆಲಸದಲ್ಲಿ ಎಲ್ಲರೂ ಎಡವುವುದು ಇಲ್ಲೇ. ಆ ಮೆನುವಿನಲ್ಲಿ ಏಳು ರಿಪೋರ್ಟುಗಳು. ಹಿರಿಯರು ಜಾಣತನದಿಂದ ಏಳು ಷರತ್ತು ಬರೆಯುವ ಬದಲು ಒಂದೇ ಸಾಲಿನಲ್ಲಿ ಮುಗಿಸಿದ್ದರು. ಆರ್‌ಪಿಟಿ ಎಂಬ ಮೂರು ಅಕ್ಷರಕ್ಕೆ ಒತ್ತಿದ ಅಂಕಿಯನ್ನು ಅಂಟಿಸಿ ಒಂದು ಹೆಸರು ಮಾಡುವುದು, ಅದರ ಮುಂದೆ ಆ್ಯಂಪರ್‌ಸ್ಯಾಂಡ್ ಗುರುತು ಹಾಕಿ ಓಡಿಸುವುದು. ಇದೇ ಡಿಬೇಸ್‌ನ ಮ್ಯಾಕ್ರೊ. ಡಿಬೇಸ್ ಒಳಗೆ ಇದು ಸರಾಗವಾಗಿ ನಡೆಯುತ್ತದೆ. ಆ ಗಳಿಗೆಯಲ್ಲಿ ಅದು ಡಿಸ್ಕಿನಲ್ಲಿ ಆ ಹೆಸರಿನ ಪಿಆರ್‌ಜಿ ಫೈಲ್ ಹುಡುಕಿಕೊಂಡು ಓದುತ್ತದೆ. ಇಎಕ್ಸ್‌ಇಗೆ ಆ ಭಾಗ್ಯ ಇಲ್ಲ. ಬೇಕಾದದ್ದೆಲ್ಲ ಮೊದಲೇ ಒಳಗೆ ಸೇರಿರಬೇಕು. ನಾನು ಫೈಲುಗಳ ಪಟ್ಟಿ ಮಾಡುವಾಗ ಕೋಡಿನಲ್ಲಿ ಯಾವ ಯಾವ ಹೆಸರು ಕರೆದಿದ್ದಾರೆ ಎಂದು ಹುಡುಕಿ ಬರೆದುಕೊಂಡಿದ್ದೆ. ಆರ್‌ಪಿಟಿ3 ಎಂಬ ಹೆಸರು ಕೋಡಿನಲ್ಲಿ ಎಲ್ಲೂ ಇರಲಿಲ್ಲ. ಅದು ಹುಟ್ಟುವುದೇ ಬೆರಳು ಅಂಕಿ ಒತ್ತಿದಾಗ. ಫೋಲ್ಡರಿನಲ್ಲಿ ಆ ಫೈಲ್ ಇತ್ತು, ಹಳೆಯ ಕಸ ಎಂದುಕೊಂಡು ಬಿಟ್ಟಿದ್ದೆ. ತಪ್ಪು ನನ್ನದೇ.

ಏಳನ್ನೂ ಸೇರಿಸಿದೆ. 3 ಓಡಿತು. 4 ಮತ್ತೆ ಬೇಸ್ 1001. ಈ ಸಲ ಕಾಣೆಯಾದದ್ದು ನಮ್ಮ ಫೈಲಲ್ಲ, ತಿಂಗಳ ಹೆಸರು ಕೊಡುವ ಸಿಮಂತ್ ಎಂಬ ಫಂಕ್ಷನ್. ಅದು ಹಾರ್ಬರ್‌ನಲ್ಲಿ ಇದ್ದೇ ಇದೆ! ಕೋಡಿನಲ್ಲಿ ಹುಡುಕಿದರೆ ಆ ಹೆಸರನ್ನು ಯಾರೂ ಕರೆದೇ ಇಲ್ಲ. ಅರ್ಧ ಗಂಟೆ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು. ನಾಲ್ಕನೇ ರಿಪೋರ್ಟಿನ ವಿನ್ಯಾಸ ಇರುವುದು ಎಫ್‌ಆರ್‌ಎಂ ಫೈಲಿನಲ್ಲಿ. ಕಾಲಮ್ಮಿನಲ್ಲಿ ಏನು ಅಚ್ಚಾಗಬೇಕು ಎಂಬುದನ್ನು ಆ ಫೈಲ್ ಬರೀ ಅಕ್ಷರಗಳಾಗಿ ಇಟ್ಟುಕೊಂಡಿರುತ್ತದೆ, ಓಡುವಾಗ ಅದನ್ನೂ ಮ್ಯಾಕ್ರೊ ಥರವೇ ಬಿಡಿಸಬೇಕು. ಕಂಪೈಲರ್ ಆ ಫೈಲನ್ನು ತೆರೆದೂ ನೋಡುವುದಿಲ್ಲ. ಯಾರೂ ಕರೆಯದ ಫಂಕ್ಷನ್ ಎಂದು ಲಿಂಕರ್ ಅದನ್ನು ಹೊರಗೆ ಬಿಟ್ಟಿದೆ.

ಇದಕ್ಕೆ ಮದ್ದು ರಿಕ್ವೆಸ್ಟ್ ಎಂಬ ಒಂದು ಸಾಲು. ಮುಖ್ಯ ಪ್ರೋಗ್ರಾಮಿನ ತಲೆಯಲ್ಲಿ ರಿಕ್ವೆಸ್ಟ್ ಎಂದು ಬರೆದು ಮುಂದೆ ಫಂಕ್ಷನ್ ಹೆಸರು ಕೊಟ್ಟರೆ, ಯಾರು ಕರೆಯಲಿ ಬಿಡಲಿ, ಲಿಂಕರ್ ಅದನ್ನು ಒಳಗೆ ತರುತ್ತದೆ. ಎಲ್ಲ ಫಂಕ್ಷನ್ನುಗಳನ್ನೂ ಒಟ್ಟಿಗೆ ಎಳೆದುಕೊಳ್ಳುವ ಹೆಡರ್ ಫೈಲೂ ಹಾರ್ಬರ್‌ನಲ್ಲಿದೆ. ಇಎಕ್ಸ್‌ಇ ಸ್ವಲ್ಪ ದಪ್ಪಗಾಗುತ್ತದೆ, ಅಷ್ಟೇ. ನಾನು ಅದನ್ನೇ ಹಾಕಿದೆ. ಒಂದೊಂದೇ ಹುಡುಕಿ ಸೇರಿಸುವುದು ಅಚ್ಚುಕಟ್ಟು ನಿಜ. ಆದರೆ ವರ್ಷಕ್ಕೊಮ್ಮೆ ತೆಗೆಯುವ ರಿಪೋರ್ಟ್ ಆರು ತಿಂಗಳ ಮೇಲೆ ಬಿದ್ದರೆ ಫೋನ್ ಬರುವುದು ನನಗೆ. ಡಿಸ್ಕಿನಲ್ಲಿ ಜಾಗಕ್ಕೇನೂ ಬರ ಇಲ್ಲ.

ಇಂಡೆಕ್ಸಿನಲ್ಲೂ ಇದೇ ಬಲೆ ಇದೆ. ಇಂಡೆಕ್ಸ್ ಯಾವ ಸೂತ್ರದ ಮೇಲೆ ಕಟ್ಟಿದ್ದು ಎಂಬುದು ಎನ್‌ಟಿಎಕ್ಸ್ ಫೈಲಿನ ಹೆಡರಿನಲ್ಲೇ ಬರೆದಿರುತ್ತದೆ. ಕಟ್ಟುವ ಪ್ರೋಗ್ರಾಂ ಬೇರೆ, ಬರೀ ತೆರೆಯುವ ಪ್ರೋಗ್ರಾಂ ಬೇರೆ ಆಗಿದ್ದರೆ, ತೆರೆಯುವವನ ಹೊಟ್ಟೆಯೊಳಗೂ ಆ ಸೂತ್ರದ ಫಂಕ್ಷನ್ನುಗಳು ಇರಬೇಕು. ನಮ್ಮಲ್ಲಿ ಎರಡೂ ಒಂದೇ ಆಗಿದ್ದರಿಂದ ಬಚಾವಾದೆವು.

ಮೊದಲ ಪ್ರತಿ ಕೊಟ್ಟ ಮರುದಿನ ಬೆಳಿಗ್ಗೆಯೇ ಫೋನ್. "ಎಲ್ಲಾ ಹೋಯ್ತು ರೀ. ಒಂದು ದಾಖಲೆನೂ ಇಲ್ಲ." ಧ್ವನಿಯಲ್ಲಿ ನಡುಕ. ಅವರು ಇಎಕ್ಸ್‌ಇಯನ್ನು ಡೆಸ್ಕ್‌ಟಾಪಿಗೆ ಕಾಪಿ ಮಾಡಿ ಅಲ್ಲಿಂದ ತೆರೆದಿದ್ದರು. ಪ್ರೋಗ್ರಾಂ ತಾನು ನಿಂತ ಫೋಲ್ಡರಿನಲ್ಲಿ ಡಿಬಿಎಫ್ ಹುಡುಕಿತು, ಸಿಗಲಿಲ್ಲ. ಸಿಗದಿದ್ದರೆ ಹೊಸ ಖಾಲಿ ಫೈಲ್ ಮಾಡು ಎಂದು 1988ರಲ್ಲಿ ಬರೆದ ಸಾಲು ವಿಧೇಯವಾಗಿ ತನ್ನ ಕೆಲಸ ಮಾಡಿತು. ನಿಜವಾದ ಫೈಲ್ ಇದ್ದ ಜಾಗದಲ್ಲೇ ಸುರಕ್ಷಿತವಾಗಿತ್ತು. ಆ ಸಾಲು ತೆಗೆದು, ಡೇಟಾ ಸಿಗದಿದ್ದರೆ ಎಲ್ಲಿ ಹುಡುಕಿದೆ ಎಂದು ಹೇಳಿ ನಿಲ್ಲುವಂತೆ ಮಾಡಿದೆ. ಜೊತೆಗೆ, ಯಾವ ಶಾರ್ಟ್‌ಕಟ್‌ನಿಂದ ತೆರೆದರೂ ಇಎಕ್ಸ್‌ಇ ಎಲ್ಲಿದೆಯೋ ಅದೇ ಫೋಲ್ಡರಿನಲ್ಲಿ ಡೇಟಾ ಹುಡುಕುವ ಹಾಗೆ ದಾರಿ ಕಟ್ಟಿದೆ.

ಗ್ರಾಫ್

ಪ್ರೋಗ್ರಾಂ ಪೂರ್ತಿ ಟೆಕ್ಸ್ಟ್ ಸ್ಕ್ರೀನ್. ಅದರೊಳಗೆ ಗೆರೆ ಬರೆಯುವುದು ಹೇಗೆ? ಹಾರ್ಬರ್‌ಗೆ ಗ್ರಾಫಿಕ್ಸ್ ಕಿಟಕಿ ಕೊಡುವ ಲೈಬ್ರರಿಗಳು ಬೇಕಾದಷ್ಟಿವೆ. ಜಿಡಿ ಲೈಬ್ರರಿ ಬಳಸಿ ಪಿಎನ್‌ಜಿ ಚಿತ್ರ ಮಾಡುವ ದಾರಿಯೂ ಇದೆ. ಅದನ್ನು ಮಾಡಿ ನೋಡಿದೆ, ಚಿತ್ರ ಚೆನ್ನಾಗಿ ಬಂತು. ಆದರೆ ನಾನು ಕಟ್ಟಿದ ರೀತಿಯಲ್ಲಿ ಡಿಎಲ್‌ಎಲ್ ಜೊತೆಗೆ ಹೋಗಬೇಕಾಯಿತು. ಮತ್ತೆ ಅದೇ ಷರತ್ತು. ಪಿಡಿಎಫ್ ಮಾಡುವ ಹಾರು ಲೈಬ್ರರಿ ಇನ್ನೊಂದು. ಅಚ್ಚಿಗೆ ಹೇಳಿ ಮಾಡಿಸಿದ್ದು, ಆದರೆ ಅದು ಅಕ್ಷರ ಜೋಡಿಸುವುದಿಲ್ಲ. ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ಒತ್ತಕ್ಷರಗಳು ಕೆಳಗೆ ಕೂರುವ ಬದಲು ಪಕ್ಕದಲ್ಲಿ ಸಾಲಾಗಿ ನಿಲ್ಲುತ್ತವೆ.

ಒಂದು ದಿನ ಸುಮ್ನೆ ಕೂತಾಗ ಅನ್ನಿಸಿತು, ಚಿತ್ರವನ್ನು ನಮ್ಮ ಪ್ರೋಗ್ರಾಮೇ ಯಾಕೆ ಬಿಡಿಸಬೇಕು? ಎಸ್‌ವಿಜಿ ಎಂಬುದು ಬರೀ ಟೆಕ್ಸ್ಟ್ ಫೈಲ್. ಇಂಥ ಜಾಗದಲ್ಲಿ ಇಷ್ಟು ಅಗಲ, ಇಷ್ಟು ಎತ್ತರದ ಆಯತ ಬರೆ ಎಂದು ಸಾಲು ಸಾಲಾಗಿ ಹೇಳುವುದಷ್ಟೇ. ಟೆಕ್ಸ್ಟ್ ಫೈಲ್ ಬರೆಯುವುದು ಡಿಬೇಸ್ ಪ್ರೋಗ್ರಾಮಿಗೆ ನೀರು ಕುಡಿದಷ್ಟು ಸಲೀಸು. ಆ ಫೈಲನ್ನು ಕಂಪ್ಯೂಟರಿನಲ್ಲಿ ಇದ್ದೇ ಇರುವ ಬ್ರೌಸರಿಗೆ ಕೊಟ್ಟರೆ ತೋರಿಸುತ್ತದೆ, ಅಚ್ಚೂ ಹಾಕುತ್ತದೆ, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯುವುದಿಲ್ಲ. ಕನ್ನಡ ಅಕ್ಷರ ಸರಿಯಾಗಿ ಕೂರುತ್ತದೆ. ಲೈಬ್ರರಿ ಬೇಡ, ಡಿಎಲ್‌ಎಲ್ ಬೇಡ. ಗ್ರಾಫಿನ ಪೂರ್ತಿ ಕೋಡ್ 140 ಸಾಲು. ಇದು ಶುದ್ಧ ಅರ್ಥದಲ್ಲಿ ಸ್ವತಂತ್ರ ಅಪ್ಲಿಕೇಶನ್ ಅಲ್ಲ, ಬ್ರೌಸರಿನ ಮೇಲೆ ಒರಗಿದೆ ಎಂದು ಯಾರಾದರೂ ವಾದಿಸಬಹುದು. ಒಪ್ಪುತ್ತೇನೆ. ಬ್ರೌಸರ್ ಇಲ್ಲದ ಕಂಪ್ಯೂಟರ್ ಸಿಕ್ಕಿದ ದಿನ ಆ ವಾದ ಮುಂದುವರಿಸೋಣ.

ಮೊದಲ ಚಿತ್ರ ತಲೆಕೆಳಗಾಗಿತ್ತು. ಎಸ್‌ವಿಜಿಯಲ್ಲಿ ಸೊನ್ನೆ ಇರುವುದು ಮೇಲೆ, ಅಂಕಿ ಹೆಚ್ಚಾದಂತೆ ಕೆಳಗಿಳಿಯುತ್ತದೆ. ಮಳೆ ಮೇಲಿನಿಂದ ಕೆಳಕ್ಕೆ ಬೀಳುತ್ತದಲ್ಲ, ಹಾಗೇ ಬಿಡಿ ಎಂದು ಹಿರಿಯರು ತಮಾಷೆ ಮಾಡಿದರು. ತಳದ ಗೆರೆಯಿಂದ ಎತ್ತರವನ್ನು ಕಳೆದು ಸರಿ ಮಾಡಿದೆ.

ಎರಡನೆಯ ತಪ್ಪನ್ನು ಕಂಡುಹಿಡಿದವರು ಅವರೇ. ಒಂದು ಕೇಂದ್ರದ ಒಂದು ವರ್ಷದ ಗ್ರಾಫ್ ನೋಡುತ್ತಿದ್ದರು. ಕಣ್ಣು ಕಿರಿದು ಮಾಡಿ, "ಆ ವರ್ಷ ಒಂದು ದಿನ 214 ಮಿಲಿಮೀಟರ್ ಬಂದಿತ್ತು. ನಾನೇ ಹೋಗಿ ಅಳೆದಿದ್ದೆ. ಎಲ್ಲಿ ಅದು?" ಎಂದರು. ಗ್ರಾಫಿನಲ್ಲಿ ಆ ದಿನದ ಜಾಗ ಖಾಲಿ. ಇಡೀ ವರ್ಷದಲ್ಲಿ ಅತಿ ಎತ್ತರ ಇರಬೇಕಾದ ಕಡ್ಡಿಯೇ ಮಾಯ! ಎಸ್‌ವಿಜಿ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಆ ಸಾಲಿಗೆ ಹೋದೆ. ಎತ್ತರ ಇರಬೇಕಾದ ಜಾಗದಲ್ಲಿ ಮೂರು ನಕ್ಷತ್ರ ಚಿಹ್ನೆ. ಒಂದು ಮಿಲಿಮೀಟರಿಗೆ 5 ಚುಕ್ಕಿ ಎಂದು ಲೆಕ್ಕ ಇಟ್ಟಿದ್ದೆ, 214ಕ್ಕೆ 1070 ಆಯಿತು. ಸಂಖ್ಯೆಯನ್ನು ಅಕ್ಷರ ಮಾಡುವ ಎಸ್‌ಟಿಆರ್ ಫಂಕ್ಷನ್ನಿಗೆ ನಾನು ಕೊಟ್ಟಿದ್ದು ಮೂರು ಅಂಕಿಯ ಜಾಗ. ಜಾಗ ಸಾಲದಿದ್ದರೆ ಅದು ನಕ್ಷತ್ರ ತುಂಬಿಸುತ್ತದೆ. ಕಾಗದದ ರಿಪೋರ್ಟಿನಲ್ಲಿ ನಕ್ಷತ್ರ ಕಂಡರೆ ಯಾರಿಗಾದರೂ ಗೊತ್ತಾಗುತ್ತದೆ. ಗ್ರಾಫಿನಲ್ಲಿ ಬ್ರೌಸರ್ ಆ ಅರ್ಥವಿಲ್ಲದ ಎತ್ತರವನ್ನು ಕಡೆಗಣಿಸಿ, ಕಡ್ಡಿಯನ್ನೇ ಬರೆಯದೆ ಮುಂದೆ ಹೋಗಿದೆ. ಹೆಸರಿನಲ್ಲಿ ಆ್ಯಂಪರ್‌ಸ್ಯಾಂಡ್ ಇದ್ದ ಕೇಂದ್ರದ ಗ್ರಾಫ್ ತೆರೆಯಲೇ ಇಲ್ಲ, ಎಸ್‌ವಿಜಿಯಲ್ಲಿ ಆ ಗುರುತಿಗೆ ಬೇರೆ ಅರ್ಥ. ಈ ಕೆಲಸದಲ್ಲಿ ಆ ಗುರುತು ನನ್ನ ಬೆನ್ನು ಬಿಡಲೇ ಇಲ್ಲ.

1900ರಿಂದ ಶುರುವಾದ ಮಳೆ

ಕೊನೆಗೆ ಉಳಿದದ್ದು ವಾರ್ಷಿಕ ಮಳೆಯ ಗ್ರಾಫ್, ಎಲ್ಲ ವರ್ಷಗಳದ್ದೂ ಒಂದೇ ಪುಟದಲ್ಲಿ. ಬಂದ ಚಿತ್ರ ನೋಡಿ ಇಬ್ಬರೂ ಸುಮ್ಮನಾದೆವು. ಎಡಗಡೆ 1900ರಿಂದ 1922ರವರೆಗೆ ಕಡ್ಡಿಗಳ ಒಂದು ಗುಂಪು. ಆಮೇಲೆ ಉದ್ದಕ್ಕೂ ಬಯಲು. ಬಲಗಡೆ 1988ರಿಂದ 1999ರವರೆಗೆ ಇನ್ನೊಂದು ಗುಂಪು. 2000ದ ನಂತರ ಏನೂ ಇಲ್ಲ.

ದಿನಾಂಕ ತುಂಬುವ ಫಾರಂ ವರ್ಷಕ್ಕೆ ಎರಡೇ ಅಂಕಿ ಕೇಳುತ್ತಿತ್ತು. 03 ಎಂದು ತುಂಬಿದರೆ ಅದು 1903. ಡಿಬಿಎಫ್ ಫೈಲಿನಲ್ಲಿ ದಿನಾಂಕ ಎಂಟು ಅಂಕಿಯಲ್ಲಿ, ವರ್ಷ ಪೂರ್ತಿ ನಾಲ್ಕು ಅಂಕಿಯಲ್ಲಿ ಕೂರುತ್ತದೆ. ಹಾಗಾಗಿ 23 ವರ್ಷಗಳ ಮಳೆ ಒಂದು ಶತಮಾನ ಹಿಂದೆ ಬಿದ್ದಿತ್ತು. ಇಷ್ಟು ದಿನ ಯಾರಿಗೂ ಯಾಕೆ ಗೊತ್ತಾಗಲಿಲ್ಲ? ರಿಪೋರ್ಟುಗಳೆಲ್ಲ ಅಚ್ಚಾದ ದಿನಾಂಕದ ಕೊನೆಯ ಎರಡು ಅಂಕಿ ಹಿಡಿದು ದಾಖಲೆ ಆರಿಸುತ್ತಿದ್ದವು. ಹುಡುಕುವುದೂ 03, ಅಚ್ಚಾಗುವುದೂ 03. ಎರಡು ತಪ್ಪು ಸೇರಿ ಸರಿಯಾದ ರಿಪೋರ್ಟ್ ಬರುತ್ತಿತ್ತು. ನಾಲ್ಕು ಅಂಕಿಯ ವರ್ಷವನ್ನು ಮೊದಲ ಸಲ ಕೇಳಿದ್ದು ಈ ಗ್ರಾಫ್.

ಸೆಟ್ ಇಪೋಕ್ ಎಂಬ ಕಮಾಂಡಿಗೆ 1950 ಕೊಟ್ಟೆ. ಇನ್ನು ಮುಂದೆ 49ರವರೆಗಿನ ಅಂಕಿಗಳು 2000ದ ಕಡೆಗೆ ಹೋಗುತ್ತವೆ. ಹಳೆಯ ದಾಖಲೆಗಳಿಗೆ ಹತ್ತು ಸಾಲಿನ ಪ್ರೋಗ್ರಾಂ. ಮೂರು ಕಡೆ ಬ್ಯಾಕಪ್ ತೆಗೆದು, 1950ಕ್ಕಿಂತ ಹಿಂದಿನ ಪ್ರತಿ ದಿನಾಂಕದ ವರ್ಷಕ್ಕೆ 100 ಸೇರಿಸಿದೆ. ದಿನಗಳ ಲೆಕ್ಕದಲ್ಲಿ ಸೇರಿಸಲಿಲ್ಲ, ವರ್ಷ, ತಿಂಗಳು, ದಿನ ಬಿಡಿಸಿ ವರ್ಷವನ್ನಷ್ಟೇ ಬದಲಿಸಿ ಮತ್ತೆ ಜೋಡಿಸಿದೆ. ಇಂಡೆಕ್ಸ್ ಹೊಸದಾಗಿ ಕಟ್ಟಿದೆ. ಗ್ರಾಫ್ ಒಂದೇ ಗುಂಪಾಗಿ ನಿಂತಿತು.

ಆಮೇಲೆ ಒಂದು ಅನುಮಾನ ಬಂತು. ಪ್ರತಿ ವರ್ಷ ಎಷ್ಟು ದಿನಗಳ ದಾಖಲೆ ಇದೆ ಎಂದು ಎಣಿಸಿದೆ. 1992ರಲ್ಲಿ 366, 1996ರಲ್ಲಿ 366, 2004ರಲ್ಲಿ 366. 2000ದಲ್ಲಿ ಮಾತ್ರ 365, ಹನ್ನೆರಡೂ ಕೇಂದ್ರಗಳಲ್ಲಿ. ಇಲ್ಲದ್ದು ಫೆಬ್ರವರಿ 29. ನೂರರಿಂದ ಭಾಗವಾದರೂ ನಾನೂರರಿಂದ ಭಾಗವಾಗದ 1900 ಅಧಿಕ ವರ್ಷವಲ್ಲ, 2000 ಹೌದು. ಪ್ರೋಗ್ರಾಂ ತಾನಿರುವುದು 1900ರಲ್ಲಿ ಎಂದುಕೊಂಡಿತ್ತು. ಅದರ ಲೆಕ್ಕದಲ್ಲಿ ಅಂಥ ದಿನವೇ ಇರಲಿಲ್ಲ.

ಹಿರಿಯರಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ ಕಪಾಟಿನಿಂದ ಆ ವರ್ಷದ ನೋಟ್‌ಬುಕ್ ತೆಗೆದರು. "ಹೌದು, ನೆನಪಿದೆ. ಆ ದಿನ ಎಷ್ಟು ಸಲ ಹೊಡೆದ್ರೂ ತಗೊಳ್ಳಲೇ ಇಲ್ಲ ಅದು. ಇರಲಿ ಅಂತ ಮಾರ್ಚ್ 1ಕ್ಕೆ ಸೇರಿಸಿಬಿಟ್ಟೆ." ಪುಟದ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದೂ ಇಟ್ಟಿದ್ದರು.

ಅವರು ಓದುತ್ತಾ ಹೋದರು, ನಾನು ಹೊಸ ಪ್ರೋಗ್ರಾಮಿನಲ್ಲಿ ತುಂಬಿದೆ. ಹತ್ತು ಕೇಂದ್ರಗಳಲ್ಲಿ ಸೊನ್ನೆ. ಒಂದರಲ್ಲಿ 4.2, ಇನ್ನೊಂದರಲ್ಲಿ 11.6. ಮಾರ್ಚ್ 1ರ ಅಂಕಿಯಿಂದ ಅಷ್ಟನ್ನು ಕಳೆದೆವು. 29 ಎಂದು ಹೊಡೆದು ಎಂಟರ್ ಒತ್ತುವಾಗ ಅವರು ಕನ್ನಡಕ ಸರಿ ಮಾಡಿಕೊಂಡು ಸ್ಕ್ರೀನಿನತ್ತ ಬಗ್ಗಿದರು. ತಗೊಂಡಿತು.